ಮಿನೆಸೋಟದ ಅಂಗಳದಲ್ಲಿ ನೆರಳಿನ ಮರ ಸೊರಗಿದರೆ: ಬುಡದಿಂದ ಶುರುಮಾಡಿ ದೋಷ ಹುಡುಕುವ ಕ್ರಮ

ಮರ ಸೊರಗಿದಾಗ ಎಲ್ಲರ ಕಣ್ಣು ಮೊದಲು ಹೋಗುವುದು ಎಲೆಗೆ. ಹಳದಿಯಾದರೆ ಗೊಬ್ಬರ, ಚುಕ್ಕೆ ಬಿದ್ದರೆ ಔಷಧಿ, ಉದುರಿದರೆ ಇನ್ನಷ್ಟು ನೀರು. ಮಿನಿಯಾಪೊಲಿಸ್–ಸೇಂಟ್ ಪಾಲ್ ಸುತ್ತಲಿನ ಮನೆಯಂಗಳಗಳಲ್ಲಿ ಈ ದಾರಿ ಹಿಡಿದರೆ ದುಡ್ಡೂ ಹೋಗುತ್ತದೆ, ಮರವೂ ಹೋಗುತ್ತದೆ. ಇಲ್ಲಿ ಮೇಪಲ್, ಲಿಂಡನ್ ಮರಗಳ ತೊಂದರೆ ಬಹಳ ಸಲ ನೆಟ್ಟ ದಿನವೇ ಮಣ್ಣಿನಡಿ ಶುರುವಾಗಿರುತ್ತದೆ. ಅದು ಎಲೆಯಲ್ಲಿ ಕಾಣಿಸಿಕೊಳ್ಳುವಷ್ಟರಲ್ಲಿ ಹತ್ತು ಹದಿನೈದು ವರ್ಷ ಕಳೆದಿರುತ್ತದೆ. ಆದ್ದರಿಂದ ಮೊದಲು ಮರ ಯಾವ ಜಾತಿಯದು ಎಂದು ಖಚಿತಪಡಿಸಿಕೊಳ್ಳಿ. ಆಮೇಲೆ ಬುಡ ನೋಡಿ, ಆಮೇಲೆ ಬೊಡ್ಡೆಯ ಯಾವ ಮಗ್ಗುಲು ಕೆಟ್ಟಿದೆ ಎಂಬುದನ್ನು ನೋಡಿ, ಎಲೆಯನ್ನು ಕೊನೆಗೆ ನೋಡಿ. ವಿಸ್ಕಾನ್ಸಿನ್, ಉತ್ತರ ಅಯೋವ, ಡಕೋಟಗಳಲ್ಲಿ ಇರುವವರಿಗೂ ಇದೇ ಕ್ರಮ ಹೆಚ್ಚುಕಡಿಮೆ ಹೊಂದುತ್ತದೆ.

ಮರ ಸತ್ತಿದೆಯೋ, ತಡವಾಗಿ ಚಿಗುರುತ್ತಿದೆಯೋ

ಮೇ ತಿಂಗಳ ಮಧ್ಯದಲ್ಲಿ ಪಕ್ಕದ ಮನೆಯ ಮೇಪಲ್ ಹಸಿರಾಗಿದ್ದು ನಿಮ್ಮ ಮರ ಬೋಳಾಗಿದ್ದರೆ ಗಾಬರಿ ಬೇಡ. ಕೆಂಟಕಿ ಕಾಫಿ ಟ್ರೀ, ಹನಿಲೋಕಸ್ಟ್, ಕಟಾಲ್ಪಾ, ಓಕ್‌ಗಳು ತಡವಾಗಿ ಕಣ್ಣುಬಿಡುವ ಮರಗಳು. ಹಿಂದಿನ ವರ್ಷ ನೆಟ್ಟ ಗಿಡವಾದರೆ ಇನ್ನೂ ತಡ. ಜೂನ್ ಮಧ್ಯದವರೆಗೆ ಕಾಯಿರಿ.

ಕಾಯುವಾಗ ಒಂದು ಪರೀಕ್ಷೆ ಮಾಡಬಹುದು. ಪೆನ್ಸಿಲ್ ದಪ್ಪದ ರೆಂಬೆಯ ತೊಗಟೆಯನ್ನು ಉಗುರಿನಿಂದ ಕೆರೆಯಿರಿ. ಒಳತೊಗಟೆ ಹಸಿರಾಗಿ ತೇವವಾಗಿದ್ದರೆ ರೆಂಬೆ ಬದುಕಿದೆ. ಕಂದಾಗಿ ಒಣಗಿದ್ದರೆ ಇನ್ನೂ ಒಂದಡಿ ಬುಡದ ಕಡೆಗೆ ಸರಿದು ಮತ್ತೆ ಕೆರೆಯಿರಿ. ಹಸಿರು ಎಲ್ಲಿ ಸಿಗುತ್ತದೋ ಅದಕ್ಕಿಂತ ಆಚೆಯದು ಮಾತ್ರ ಸತ್ತಿದೆ. ಚಿಗುರು ಬಂದ ಮೇಲೆ ಮೇ ತಿಂಗಳ ಮಂಜಿಗೆ ಎಲೆ ಕಪ್ಪಾಗಿ ಜೋತುಬಿದ್ದಿದ್ದರೆ ಅದು ಸಾವಲ್ಲ. ಮರ ಮೀಸಲಿಟ್ಟ ಮೊಗ್ಗುಗಳಿಂದ ಕೆಲವು ವಾರಗಳಲ್ಲಿ ಮತ್ತೆ ಎಲೆ ಹೊರಡಿಸುತ್ತದೆ. ಆ ಹೊತ್ತಿನಲ್ಲಿ ಮಣ್ಣು ಒಣಗದಂತೆ ನೋಡಿಕೊಂಡರೆ ಸಾಕು, ಗೊಬ್ಬರ ಹಾಕಬೇಡಿ.

ರೆಂಬೆಗಳ ತುದಿಗಳು ಮರದ ಸುತ್ತಲೂ ಒಂದೇ ಸಮನೆ ಒಣಗಿದ್ದರೆ ಅದು ಚಳಿಯ ಪೆಟ್ಟು. ಜನವರಿಯ ಕೊರೆತಕ್ಕಿಂತ ನವೆಂಬರಿನ ಹಠಾತ್ ಚಳಿಯೇ ಇದನ್ನು ಹೆಚ್ಚಾಗಿ ಮಾಡುತ್ತದೆ. ಹಗಲು ಗಿಡ್ಡವಾಗುತ್ತ, ತಂಪು ಏರುತ್ತ ಹೋದಂತೆ ಮರ ವಾರಗಟ್ಟಲೆ ಹದಗೊಂಡು ಗಟ್ಟಿಯಾಗುತ್ತದೆ. ಆ ಹದ ಬರುವ ಮೊದಲೇ ಪಾದರಸ ಕುಸಿದರೆ ಗಟ್ಟಿ ಜಾತಿಯೂ ಸಾಯುತ್ತದೆ. 1940ರ ನವೆಂಬರ್ 11ರಂದು ಬೆಚ್ಚಗಿನ ದಿನ ಒಮ್ಮೆಲೇ ಹಿಮಬಿರುಗಾಳಿಗೆ ತಿರುಗಿದಾಗ ಅಯೋವದ ಸೇಬಿನ ತೋಟಗಳು ನಾಶವಾದದ್ದು ಹೀಗೆಯೇ. ಆಗಸ್ಟ್‌ನಲ್ಲಿ ಹುಲ್ಲುಹಾಸಿಗೆ ಸುರಿಯುವ ಸಾರಜನಕದ ಗೊಬ್ಬರ ಮರದ ಬೇರಿಗೂ ಸಿಗುತ್ತದೆ. ಮರ ಎಳೆ ಚಿಗುರು ಹೊರಡಿಸಿ, ಹದಗೊಳ್ಳದೆ ಚಳಿಗೆ ಸಿಕ್ಕಿಬೀಳುತ್ತದೆ. ಬೇಸಿಗೆಯ ಕೊನೆಗೆ ಮರದ ಹತ್ತಿರ ಸಾರಜನಕ ಬೇಡ.

ಬುಡ: ಮೊದಲು ನೋಡಬೇಕಾದ ಜಾಗ

ಲಕ್ಷಣಗಳು ಹೀಗಿರುತ್ತವೆ. ಎಲೆ ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತದೆ. ಬೀದಿಯ ಬೇರೆ ಮೇಪಲ್‌ಗಳಿಗಿಂತ ಮೂರ್ನಾಲ್ಕು ವಾರ ಮೊದಲೇ, ಆಗಸ್ಟ್‌ನಲ್ಲೇ, ಕೆಂಪಾಗುತ್ತದೆ. ನೆತ್ತಿ ತೆಳುವಾಗುತ್ತದೆ. ಮರ ಒಂದು ಕಡೆ ವಾಲಿರಬಹುದು.

ಈಗ ಬೊಡ್ಡೆ ನೆಲ ಸೇರುವ ಜಾಗ ನೋಡಿ. ಬೀಜದಿಂದ ತಾನಾಗಿ ಬೆಳೆದ ಮರದ ಬೊಡ್ಡೆ ನೆಲದ ಹತ್ತಿರ ಅಗಲವಾಗಿ ಹರಡಿ ಬೇರಾಗುತ್ತದೆ. ಆ ಹರವು ಕಾಣದೆ ಬೊಡ್ಡೆ ಕಂಬ ಹೂತಂತೆ ನೇರ ಮಣ್ಣಿಗಿಳಿದಿದ್ದರೆ ಮರವನ್ನು ಆಳಕ್ಕೆ ನೆಟ್ಟಿದ್ದಾರೆ. ಒಂದು ಮಗ್ಗುಲು ಮಾತ್ರ ಚಪ್ಪಟೆಯಾಗಿದ್ದರೆ ಆ ಮಗ್ಗುಲಲ್ಲಿ ಒಂದು ಬೇರು ಬೊಡ್ಡೆಯನ್ನು ಸುತ್ತಿ ಬಿಗಿಯುತ್ತಿದೆ ಎಂದೇ ಅನುಮಾನಿಸಿ.

ಇದಕ್ಕೆ ಕಾರಣ ನೆಟ್ಟವರ ಕೈ ಮಾತ್ರವಲ್ಲ. ನರ್ಸರಿಯಲ್ಲೇ ಉಳುಮೆಯ ಮಣ್ಣು ಬುಡಕ್ಕೆ ಏರಿ, ಗೋಣಿಯಲ್ಲಿ ಸುತ್ತಿದ ಬೇರುಗಡ್ಡೆಯ ಮೇಲೆ ನಾಲ್ಕಾರು ಇಂಚು ಹೆಚ್ಚುವರಿ ಮಣ್ಣು ಕೂತಿರುತ್ತದೆ. ಗಡ್ಡೆಯ ಮೇಲ್ಮೈ ನೆಲಕ್ಕೆ ಸಮವಾಗಿ ನೆಟ್ಟರೂ ನಿಜವಾದ ಬೇರು ಅಷ್ಟೇ ಆಳದಲ್ಲಿ ಉಳಿಯುತ್ತದೆ. ಗಾಳಿ ಹುಡುಕಿ ಮೇಲೆ ಬರುವ ಬೇರುಗಳು ಬೊಡ್ಡೆಯನ್ನು ಹಾಯುತ್ತವೆ, ಸುತ್ತುತ್ತವೆ. ಬೊಡ್ಡೆಯೂ ದಪ್ಪವಾಗುತ್ತದೆ, ಬೇರೂ ದಪ್ಪವಾಗುತ್ತದೆ. ಕೊನೆಗೆ ಎಲೆಯಲ್ಲಿ ತಯಾರಾದ ಆಹಾರ ಕೆಳಗಿಳಿಯುವ ಒಳತೊಗಟೆ ಹಿಸುಕಿಹೋಗುತ್ತದೆ. ಬಿರುಗಾಳಿಗೆ ಇಂಥ ಮರ ಬೇರುಸಹಿತ ಕಿತ್ತು ಬೀಳುವುದಿಲ್ಲ, ಹಿಸುಕಿದ ಜಾಗದಲ್ಲೇ ಮುರಿಯುತ್ತದೆ.

ಅಡಿಕೆ, ತೆಂಗಿನ ತೋಟ ನೋಡಿ ಬೆಳೆದವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಅಲ್ಲಿ ಬುಡಕ್ಕೆ ಹೊಸ ಮಣ್ಣು, ಗೊಬ್ಬರ ಏರಿಸುವುದೇ ಆರೈಕೆ, ಅದು ಸರಿಯೂ ಹೌದು. ಅಡಿಕೆ, ತೆಂಗು ಕಾಂಡದ ಬುಡದಿಂದಲೇ ಹೊಸ ಬೇರು ಬಿಡುತ್ತಲೇ ಇರುವ ಏಕದಳ ಸಸ್ಯಗಳು. ಅವುಗಳ ಬೊಡ್ಡೆ ಮೇಪಲ್‌ನಂತೆ ವರ್ಷಕ್ಕೊಂದು ಉಂಗುರ ಸೇರಿಸಿ ದಪ್ಪವಾಗುವುದೂ ಇಲ್ಲ. ಅದೇ ಕೈಗುಣವನ್ನು ಮೇಪಲ್, ಲಿಂಡನ್ ಮೇಲೆ ತೋರಿಸಿದರೆ ಮರವನ್ನು ನಿಧಾನವಾಗಿ ಕತ್ತು ಹಿಸುಕಿದ ಹಾಗೆ.

ಪರೀಕ್ಷೆ ಮತ್ತು ಪರಿಹಾರ:

1. ಬೊಡ್ಡೆಯಿಂದ 3–4 ಇಂಚು ದೂರದಲ್ಲಿ ಗಟ್ಟಿ ತಂತಿಯನ್ನು ಸುತ್ತಲೂ ಐದಾರು ಕಡೆ ಚುಚ್ಚಿ. ಮೊದಲ ದಪ್ಪ ಬೇರು 1–2 ಇಂಚಿನೊಳಗೆ ತಗುಲಬೇಕು. 4 ಇಂಚಿಗಿಂತ ಕೆಳಗಿದ್ದರೆ ಅಗೆದು ನೋಡಲೇಬೇಕು.
2. ಬೊಡ್ಡೆಯ ಸುತ್ತಲಿನ ಮಣ್ಣನ್ನು ಕೈಸನಿಕೆಯಿಂದ, ಆಮೇಲೆ ಪೈಪಿನ ನೀರಿನಿಂದ ಸಡಿಲಿಸಿ ತೆಗೆಯಿರಿ. ಗುದ್ದಲಿ ಬೇಡ, ತೊಗಟೆ ಕೀಳುತ್ತದೆ. ದೊಡ್ಡ ಮರಕ್ಕೆ ಗಾಳಿಯ ಒತ್ತಡದಿಂದ ಮಣ್ಣು ಊದಿ ತೆಗೆಯುವ ಉಪಕರಣವಿರುವ, ಮರಗಳ ಆರೈಕೆಯಲ್ಲಿ ಪಳಗಿದ ಪ್ರಮಾಣಿತ ಆರ್ಬರಿಸ್ಟ್‌ರನ್ನು ಕರೆಯುವುದು ಮೇಲು.
3. ಬೊಡ್ಡೆಗೆ ತಾಗಿದ ಬೇರು ಬೊಡ್ಡೆಯ ದಪ್ಪದ ಮೂರನೇ ಒಂದು ಪಾಲಿಗಿಂತ ಸಣ್ಣದಿದ್ದರೆ ಉಳಿಯಿಂದಲೋ ಕಿರುಗರಗಸದಿಂದಲೋ ಕತ್ತರಿಸಬಹುದು. ತೊಗಟೆಯೊಳಗೆ ಹೂತುಹೋದ ತುಂಡನ್ನು ಎಳೆಯಬೇಡಿ, ಎರಡೂ ಕಡೆ ಕತ್ತರಿಸಿ ಅಲ್ಲೇ ಬಿಡಿ.
4. ಅದಕ್ಕಿಂತ ದಪ್ಪವಿದ್ದರೆ ಒಂದೇ ವರ್ಷ ಎಲ್ಲವನ್ನೂ ಕಡಿಯಬೇಡಿ. ಬಿಗಿತ ಬೊಡ್ಡೆಯ ಅರ್ಧಕ್ಕಿಂತ ಹೆಚ್ಚು ಸುತ್ತಿದ್ದು ನೆತ್ತಿಯೂ ಒಣಗಿದ್ದರೆ ಮರ ತೆಗೆಸುವ ಮಾತು ಎತ್ತಬೇಕಾಗುತ್ತದೆ, ಮನೆಯ ಕಡೆ ವಾಲಿದ್ದರಂತೂ ಮುಂದೂಡಬೇಡಿ.
5. ತೆಗೆದ ಮಣ್ಣನ್ನು ವಾಪಸ್ ತುಂಬಬೇಡಿ. ಹರವು ಬಯಲಲ್ಲೇ ಇರಲಿ. ಮರದ ಚಕ್ಕೆಯ ಹೊದಿಕೆಯನ್ನು 2–4 ಇಂಚು ದಪ್ಪ, ಸುತ್ತ 3 ಅಡಿಯಷ್ಟು ಹರಡಿ, ಆದರೆ ಬೊಡ್ಡೆಯಿಂದ ಕೆಲವು ಇಂಚು ದೂರವಿಡಿ. ಅಂಗಡಿ ಮುಂಗಟ್ಟುಗಳಲ್ಲಿ ಕಾಣುವ, ಬೊಡ್ಡೆಗೆ ಗುಡ್ಡೆ ಹಾಕಿದ ಹೊದಿಕೆಯನ್ನು ನೋಡಿ ಕಲಿಯಬೇಡಿ.

ಬೇಸಿಗೆಯ ಕಡುಬಿಸಿಲಿನಲ್ಲಿ, ಬರದಲ್ಲಿ ಈ ಕೆಲಸ ಬೇಡ. ಓಕ್ ಬೇರನ್ನು ಏಪ್ರಿಲ್‌ನಿಂದ ಜುಲೈವರೆಗೆ ಮುಟ್ಟಲೇಬೇಡಿ. ಕಾರಣ ಮುಂದೆ ಇದೆ.

ಒಂದೇ ಮಗ್ಗುಲು ಕೆಟ್ಟಿದ್ದರೆ

ದಕ್ಷಿಣ ಅಥವಾ ನೈಋತ್ಯ ಮಗ್ಗುಲ ತೊಗಟೆ ಕುಸಿದು, ಒಣಗಿ, ಉದ್ದಕ್ಕೆ ಕಿತ್ತುಬರುತ್ತಿದ್ದರೆ ಅದು ಚಳಿಗಾಲದ ಬಿಸಿಲ ಸುಡುಗಾಯ. ಫೆಬ್ರವರಿ, ಮಾರ್ಚ್‌ನ ಮಧ್ಯಾಹ್ನ ಹಿಮದಿಂದ ಮೇಲೆ ಪ್ರತಿಫಲಿಸಿದ ಬಿಸಿಲೂ ಸೇರಿ ಕಪ್ಪು ತೊಗಟೆ ಕಾಯುತ್ತದೆ, ಒಳಗಿನ ಜೀವಕೋಶಗಳು ಎಚ್ಚೆತ್ತು ಚಳಿ ತಡೆಯುವ ಹದ ಕಳೆದುಕೊಳ್ಳುತ್ತವೆ. ಸೂರ್ಯ ಮುಳುಗಿದ ಕೂಡಲೇ ಅವು ಹೆಪ್ಪುಗಟ್ಟಿ ಸಾಯುತ್ತವೆ. ತೆಳುತೊಗಟೆಯ ಎಳೆ ಮೇಪಲ್, ಲಿಂಡನ್, ಹನಿಲೋಕಸ್ಟ್‌ಗಳಿಗೆ ಇದರ ಕಾಟ ಹೆಚ್ಚು. ಸತ್ತ ತೊಗಟೆಯನ್ನು ಶುದ್ಧ ಚಾಕುವಿನಿಂದ ಗಟ್ಟಿ ಅಂಚಿನವರೆಗೆ ಮಾತ್ರ ಬಿಡಿಸಿ. ಡಾಂಬರು, ಬಣ್ಣ, ಸುಣ್ಣ ಏನನ್ನೂ ಗಾಯಕ್ಕೆ ಹಚ್ಚಬೇಡಿ. ಅಂಚಿನಿಂದ ಮರವೇ ಗಾಯ ಮುಚ್ಚಿಕೊಳ್ಳುತ್ತದೆ. ಉದ್ದನೆಯ, ಆಳವಾದ, ತೀರಾ ನೇರ ಬಿರುಕಾದರೆ ಅದು ಹಿಮಬಿರುಕು. ಹಳೆಯ ಗಾಯವಿದ್ದ ಕಡೆಯೇ ಅದು ಹೆಚ್ಚಾಗಿ ಬಾಯಿಬಿಡುತ್ತದೆ, ಪ್ರತಿ ಚಳಿಗಾಲ ಮತ್ತೆ ತೆರೆಯಲೂಬಹುದು.

ರಸ್ತೆಯ ಕಡೆಯ ರೆಂಬೆಗಳಲ್ಲಿ ಮೊಗ್ಗು ಸತ್ತು, ಕಡ್ಡಿಗಳು ಪೊರಕೆಯಂತೆ ಗೊಂಚಲಾಗಿದ್ದರೆ ಹಿಮ ಕರಗಿಸಲು ಸುರಿಯುವ ಉಪ್ಪೇ ಕಾರಣ. ಉಪ್ಪು ಮಣ್ಣಿಗಿಳಿದಿದ್ದರೆ ನಡುಬೇಸಿಗೆಯಲ್ಲಿ ಎಲೆಯಂಚು ಕಂದಾಗುತ್ತದೆ. ನೀರು ಬಸಿಯುವ ಮಣ್ಣಾದರೆ, ನೆಲ ಕರಗಿದ ಮೇಲೆ 2 ಇಂಚಿನಷ್ಟು ನೀರನ್ನು ಎರಡು ಮೂರು ಗಂಟೆ ನಿಧಾನವಾಗಿ ಬಿಟ್ಟು, ಮೂರ್ನಾಲ್ಕು ದಿನದ ಬಳಿಕ ಮತ್ತೊಮ್ಮೆ ಬಿಟ್ಟರೆ ಉಪ್ಪು ಬೇರಿಗಿಂತ ಕೆಳಗೆ ತೊಳೆದುಹೋಗುತ್ತದೆ. ಶುಗರ್ ಮೇಪಲ್, ಲಿಂಡನ್ ಉಪ್ಪು ತಡೆಯುವುದಿಲ್ಲ. ಹನಿಲೋಕಸ್ಟ್, ಕೆಂಟಕಿ ಕಾಫಿ ಟ್ರೀ ತಡೆಯುತ್ತವೆ.

ಮೇಪಲ್‌ನ ಒಂದೇ ಕೊಂಬೆ ಬೇಸಿಗೆ ನಡುವೆ ಬಾಡಿದರೆ ಆ ಕೊಂಬೆಯನ್ನು ಅಡ್ಡ ಕತ್ತರಿಸಿ ಕಟ್ಟಿಗೆ ನೋಡಿ. ಹಸಿರುಮಿಶ್ರಿತ ಕಂದು ಗೆರೆಗಳಿದ್ದರೆ ಅದು ಮಣ್ಣಿನಿಂದ ಬರುವ ವರ್ಟಿಸಿಲಿಯಂ ಸೊರಗುರೋಗ. ಅದಕ್ಕೆ ಔಷಧಿಯಿಲ್ಲ. ನೀರು ತಪ್ಪಿಸದಿದ್ದರೆ ಕೆಲವು ಮರ ಗೆದ್ದುಕೊಳ್ಳುತ್ತವೆ. ಮರ ಸತ್ತರೆ ಅದೇ ಜಾಗದಲ್ಲಿ ಮತ್ತೆ ಮೇಪಲ್ ನೆಡಬೇಡಿ. ಓಕ್, ಬರ್ಚ್, ಹನಿಲೋಕಸ್ಟ್‌ಗಳಿಗೆ ಈ ರೋಗ ತಗಲುವುದಿಲ್ಲ.

ಹಿಮ ಕರಗಿದಾಗ ಬುಡದಲ್ಲಿ ಸಣ್ಣ ಹಲ್ಲಿನ ಗುರುತುಗಳಿದ್ದರೆ ಹಿಮದಡಿ ಓಡಾಡುವ ವೋಲ್ ಎಂಬ ಮೋಟುಬಾಲದ ಇಲಿ ತಿಂದದ್ದು. ಹಿಮದ ಮಟ್ಟಕ್ಕಿಂತ ಮೇಲೆ ಕಡ್ಡಿಗಳು ಚಾಕುವಿನಿಂದ ಓರೆಯಾಗಿ ಕೊಯ್ದಂತಿದ್ದರೆ ಮೊಲ. ತೊಗಟೆ ಸುತ್ತಲೂ ಹೋಗಿದ್ದರೆ ಗಿಡ ಉಳಿಯುವುದು ಅಪರೂಪ, ಅರ್ಧಕ್ಕಿಂತ ಕಡಿಮೆಯಾದರೆ ಚೇತರಿಸಿಕೊಳ್ಳುತ್ತದೆ.

ಎಲೆ ಹಳದಿ, ನರ ಮಾತ್ರ ಹಸಿರು

ಹೊಸ ಬಡಾವಣೆಗಳ ಆಟಮ್ ಬ್ಲೇಝ್ ಮೇಪಲ್, ರೆಡ್ ಮೇಪಲ್, ಪಿನ್ ಓಕ್, ರಿವರ್ ಬರ್ಚ್‌ಗಳಲ್ಲಿ ಈ ದೂರು ತೀರಾ ಸಾಮಾನ್ಯ. ಎಲೆಯ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗುತ್ತದೆ, ತುದಿಯ ಹೊಸ ಎಲೆಗಳು ಮೊದಲು ಕೆಡುತ್ತವೆ. ಮಣ್ಣಿನಲ್ಲಿ ಕಬ್ಬಿಣವಿಲ್ಲ ಎಂದಲ್ಲ. ರಸಸಾರ (pH) 7 ದಾಟಿದ ಸುಣ್ಣದ ಮಣ್ಣಿನಲ್ಲಿ ಕಬ್ಬಿಣ, ಮ್ಯಾಂಗನೀಸ್ ಎರಡೂ ಕರಗದ ರೂಪದಲ್ಲಿ ಕೂತುಬಿಡುತ್ತವೆ, ಬೇರಿಗೆ ದಕ್ಕುವುದಿಲ್ಲ. ಇಲ್ಲಿನ ಬಹಳಷ್ಟು ಜಾಗಗಳಲ್ಲಿ ಹಿಮನದಿಗಳು ತಂದು ಸುರಿದ ಸುಣ್ಣದ ಕೆಳಮಣ್ಣಿದೆ. ಮನೆ ಕಟ್ಟುವಾಗ ಮೇಲ್ಮಣ್ಣು ಹೋಗಿ ಅದೇ ಮೇಲೆ ಬರುತ್ತದೆ, ಯಂತ್ರಗಳ ತೂಕಕ್ಕೆ ಗಟ್ಟಿಯೂ ಆಗುತ್ತದೆ. ಗಟ್ಟಿಯಾಗಿ ನೀರು ನಿಲ್ಲುವ ಮಣ್ಣಿನಲ್ಲಿ ಹಳದಿ ಇನ್ನೂ ಹೆಚ್ಚು.

ಏನನ್ನೂ ಕೊಳ್ಳುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಮಿನೆಸೋಟ ವಿಶ್ವವಿದ್ಯಾಲಯದ ಮಣ್ಣು ಪರೀಕ್ಷಾ ಪ್ರಯೋಗಾಲಯ ಸೇಂಟ್ ಪಾಲ್‌ನಲ್ಲೇ ಇದೆ. ಮೇಪಲ್‌ಗಳಲ್ಲಿ ಕೊರತೆ ಹೆಚ್ಚಾಗಿ ಮ್ಯಾಂಗನೀಸಿನದು, ಓಕ್‌ಗಳಲ್ಲಿ ಕಬ್ಬಿಣದ್ದು. ಹಾಗಾಗಿ ಮೇಪಲ್‌ಗೆ ಕಬ್ಬಿಣ ಕೊಟ್ಟು ಫಲ ಕಾಣಲಿಲ್ಲ ಎನ್ನುವವರು ಬಹಳ. ಬರಿಯ ಕಬ್ಬಿಣದ ಸಲ್ಫೇಟನ್ನು ಇಂಥ ಮಣ್ಣಿಗೆ ಹಾಕಿದರೆ ಅದೂ ಬೇಗನೆ ಕಟ್ಟಿಹೋಗುತ್ತದೆ. ಕಬ್ಬಿಣವೇ ಬೇಕಾದರೆ ಚೀಲದ ಮೇಲೆ ಇಡಿಡಿಎಚ್‌ಎ ಎಂದಿರುವ ಕೀಲೇಟ್, ಅಂದರೆ ಕಬ್ಬಿಣ ಮಣ್ಣಿನಲ್ಲಿ ಕಟ್ಟಿಹೋಗದಂತೆ ಹಿಡಿದಿಡುವ ಸಂಯುಕ್ತ, ಹುಡುಕಿ. ಹೆಚ್ಚಿನ ರಸಸಾರದಲ್ಲೂ ಕೆಲಸ ಮಾಡುವುದು ಅದು. ವಸಂತದಲ್ಲಿ ಹಾಕಿದರೆ ಆ ಋತುವಿಗೆ ಸಾಕು, ಮುಂದಿನ ವರ್ಷ ಮತ್ತೆ ಹಾಕಬೇಕು. ಗಂಧಕ ರಸಸಾರ ಇಳಿಸುತ್ತದೆ, ಆದರೆ ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ಆಮ್ಲವಾಗಿಸಬೇಕು. ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ, ಸುಣ್ಣ ಹೇರಳವಿರುವ ಮಣ್ಣು ಜಗ್ಗುವುದೂ ಇಲ್ಲ. ಬೊಡ್ಡೆಗೆ ಮೊಳೆ ಹೊಡೆದರೆ ಕಬ್ಬಿಣ ಸಿಗುತ್ತದೆಂಬ ಮಾತನ್ನು ನಂಬಬೇಡಿ, ಸಿಗುವುದು ಗಾಯ ಮಾತ್ರ. ಐದು ವರ್ಷದ ಗಿಡ ಈಗಲೇ ಪೂರ್ತಿ ಹಳದಿಯಾಗಿದ್ದರೆ ಅದನ್ನು ತೆಗೆದು ಸುಣ್ಣದ ಮಣ್ಣಿಗೆ ಹೊಂದುವ ಹ್ಯಾಕ್‌ಬೆರಿ, ಬರ್ ಓಕ್, ಕೆಂಟಕಿ ಕಾಫಿ ಟ್ರೀ ನೆಡುವುದೇ ಬುದ್ಧಿವಂತಿಕೆ.

ಮೇಪಲ್ ಎಲೆಯ ಮೇಲೆ ಡಾಂಬರಿನಂಥ ಕಪ್ಪು ಚುಕ್ಕೆ, ಕೆಂಪು ಗುಳ್ಳೆ, ತಂಪುಮಳೆಯ ವಸಂತದಲ್ಲಿ ಎಲೆ ಮುರುಟುವ ಆಂಥ್ರಾಕ್ನೋಸ್: ಇವು ನೋಡಲಷ್ಟೇ ಕೆಟ್ಟವು. ಸಿಂಪಡಣೆ ಬೇಡ.

ಆಶ್ ಮತ್ತು ಓಕ್: ತಡಮಾಡಬಾರದ ಎರಡು ಮರ

ಆಶ್‌ನಲ್ಲಿ ರೆಂಬೆಗಳು ಎದುರುಬದುರಾಗಿ ಹೊರಡುತ್ತವೆ, ಒಂದು ತೊಟ್ಟಿನಲ್ಲಿ ಹಲವು ಕಿರುಎಲೆಗಳಿರುತ್ತವೆ. ಮರ ಇದೇ ಎಂದು ಖಾತ್ರಿಯಾದರೆ ಎಮರಾಲ್ಡ್ ಆಶ್ ಬೋರರ್ ಎಂಬ ಹಸಿರು ಕಾಂಡಕೊರಕದ ಗುರುತು ಹುಡುಕಿ. ಡೆಟ್ರಾಯಿಟ್ ಬಳಿ 2002ರಲ್ಲಿ ಪತ್ತೆಯಾದ ಈ ಕೀಟ ಸೇಂಟ್ ಪಾಲ್‌ನಲ್ಲಿ ಸಿಕ್ಕಿದ್ದು 2009ರಲ್ಲಿ. ಮೊದಲ ಸುಳಿವು ಕೊಡುವುದು ಮರಕುಟಿಗ. ಚಳಿಗಾಲದಲ್ಲಿ ಮರಿಹುಳುಗಳಿಗಾಗಿ ಅದು ಹೊರತೊಗಟೆ ಕಿತ್ತಾಗ ನೆತ್ತಿಯ ಹತ್ತಿರ ತಿಳಿಬಣ್ಣದ ಪಟ್ಟೆಗಳು ಕಾಣುತ್ತವೆ. ಸುಮಾರು 3 ಮಿಲಿಮೀಟರಿನ, ಒಂದು ಬದಿ ಚಪ್ಪಟೆಯಾದ ಅರ್ಧವೃತ್ತದ ತೂತು, ತೊಗಟೆಯಡಿ ಹಾವಿನಂತೆ ಹೊರಳುವ ಸುರಂಗ ಸಿಕ್ಕರೆ ಅನುಮಾನ ಉಳಿಯುವುದಿಲ್ಲ. ನೆತ್ತಿಯ ಎಲೆ 30 ಶೇಕಡಾಕ್ಕಿಂತ ಕಡಿಮೆ ಹೋಗಿದ್ದರೆ ಎಮಮೆಕ್ಟಿನ್ ಬೆಂಝೋಯೇಟ್ ಎಂಬ ಕೀಟನಾಶಕವನ್ನು ಪರವಾನಗಿ ಇರುವವರಿಂದ ಬೊಡ್ಡೆಗೆ ಚುಚ್ಚಿಸಬಹುದು, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ. ಅದಕ್ಕಿಂತ ಹೆಚ್ಚು ಹೋಗಿದ್ದರೆ ಬೇಗ ಕಡಿಸಿ. ಸತ್ತ ಆಶ್ ಒಣಗಿ ಪೆಡಸಾಗುತ್ತದೆ, ಹತ್ತುವವರಿಗೆ ಅಪಾಯ, ಕಡಿಯುವ ಖರ್ಚೂ ಏರುತ್ತದೆ.

ಓಕ್‌ನಲ್ಲಿ ಮೂರು ತೊಂದರೆಗಳು ಒಂದನ್ನೊಂದು ಹೋಲುತ್ತವೆ. ರೆಡ್ ಓಕ್ ಗುಂಪಿನ ಮರದ ಎಲೆ ಬೇಸಿಗೆಯಲ್ಲಿ ಅಂಚಿನಿಂದ ಕಂಚುಬಣ್ಣಕ್ಕೆ ತಿರುಗಿ, ಅರ್ಧ ಹಸಿರಿರುವಾಗಲೇ ಉದುರಿ, ವಾರಗಳಲ್ಲಿ ಮರವೇ ಬೋಳಾದರೆ ಅದು ಓಕ್ ವಿಲ್ಟ್ ಎಂಬ ಶಿಲೀಂಧ್ರ ರೋಗ. ಎಲೆ ಕಂದಾದರೂ ಉದುರದೆ ತೂಗುತ್ತಿದ್ದು, ನೆತ್ತಿ ಒಣಗಿ ಕೆಳಕೊಂಬೆಗಳು ಹಸಿರಾಗಿದ್ದರೆ ಎರಡು ಗೆರೆಯ ಚೆಸ್ಟ್‌ನಟ್ ಕಾಂಡಕೊರಕ. 2021ರಿಂದ 2023ರವರೆಗೆ ಸಾಲಾಗಿ ಬಂದ ಬರದಂಥ ಒತ್ತಡಕ್ಕೆ ಸಿಕ್ಕ ಮರಗಳನ್ನು ಅದು ಹುಡುಕಿಕೊಂಡು ಬರುತ್ತದೆ. ಬರ್ ಓಕ್‌ನ ಕೆಳಕೊಂಬೆಗಳಲ್ಲಿ ಆಗಸ್ಟ್ ಹೊತ್ತಿಗೆ ಬೆಣೆಯಾಕಾರದ ಕಂದು ಮಚ್ಚೆ ಕಂಡು, ಸತ್ತ ಎಲೆತೊಟ್ಟು ಚಳಿಗಾಲವಿಡೀ ಕಡ್ಡಿಗೆ ಅಂಟಿದ್ದರೆ ಅದು ಬರ್ ಓಕ್ ಬ್ಲೈಟ್, ನಿಧಾನದ ರೋಗ.

ಓಕ್ ವಿಲ್ಟ್ ಅನುಮಾನ ಬಂದರೆ ಮರ ಕಡಿಯುವ ಮೊದಲು ಆರ್ಬರಿಸ್ಟ್‌ರನ್ನು ಕರೆಸಿ. ಪಕ್ಕಪಕ್ಕದ ಓಕ್‌ಗಳ ಬೇರುಗಳು ಮಣ್ಣಿನಡಿ ಬೆಸೆದುಕೊಂಡಿರುತ್ತವೆ, ಶಿಲೀಂಧ್ರ ಆ ದಾರಿಯಲ್ಲೇ ದಾಟುತ್ತದೆ. ನೆಲ ಸೀಳಿ ಬೇರಿನ ಸಂಪರ್ಕ ಕಡಿಯದೆ ಮರ ಉರುಳಿಸಿದರೆ ಪಕ್ಕದ ಮರಕ್ಕೆ ರೋಗ ತಪ್ಪುವುದಿಲ್ಲ. ದೂರದ ಮರಗಳಿಗೆ ಅದನ್ನು ಹೊರುವುದು ತಾಜಾ ಗಾಯದ ವಾಸನೆಗೆ ಬರುವ ಸಣ್ಣ ದುಂಬಿಗಳು. ಅದಕ್ಕೇ ಏಪ್ರಿಲ್‌ನಿಂದ ಜುಲೈವರೆಗೆ ಓಕ್‌ಗೆ ಕತ್ತರಿ ಹಾಕಬಾರದು. ಬಿರುಗಾಳಿಗೆ ಆ ತಿಂಗಳುಗಳಲ್ಲಿ ಕೊಂಬೆ ಮುರಿದರೆ ಗಾಯಕ್ಕೆ ತಕ್ಷಣ, ಅಲ್ಲೇ ನಿಂತು, ಬಣ್ಣ ಬಳಿಯಿರಿ. ಗಾಯಕ್ಕೆ ಬಣ್ಣ ಹಚ್ಚಬೇಕಾದ ಸಂದರ್ಭ ಇದೊಂದೇ. ರೋಗ ಖಚಿತಪಡಿಸಲು ವಿಶ್ವವಿದ್ಯಾಲಯದ ಸಸ್ಯರೋಗ ಕ್ಲಿನಿಕ್‌ಗೆ ಮಾದರಿ ಕಳಿಸಬಹುದು. ಪೂರ್ತಿ ಒಣಗಿದ ಕಡ್ಡಿ ಪ್ರಯೋಜನವಿಲ್ಲ, ಈಗಷ್ಟೇ ಬಾಡುತ್ತಿರುವ ಬೆರಳುದಪ್ಪದ ಕೊಂಬೆಯ ತುಂಡುಗಳನ್ನು ತಂಪಾಗಿಟ್ಟು ಮುಟ್ಟಿಸಬೇಕು.

ಹೊಸ ಮರ ಆರಿಸುವಾಗ

ನರ್ಸರಿಯ ಚೀಟಿಯಲ್ಲಿ ಚಳಿ ವಲಯದ ಸಂಖ್ಯೆ ಇರುತ್ತದೆ. ವಲಯ 4 ಎಂದರೆ ವರ್ಷದ ಅತಿ ಚಳಿಯ ಸರಾಸರಿ ಮೈನಸ್ 30ರಿಂದ ಮೈನಸ್ 20 ಫ್ಯಾರನ್‌ಹೀಟ್, ಅಂದರೆ ಮೈನಸ್ 34ರಿಂದ ಮೈನಸ್ 29 ಸೆಲ್ಸಿಯಸ್. ಅಮೆರಿಕದ ಕೃಷಿ ಇಲಾಖೆಯ 2023ರ ಹೊಸ ವಲಯ ನಕ್ಷೆ ನಗರದ ಬಹುಭಾಗವನ್ನು ವಲಯ 5ಕ್ಕೆ ಏರಿಸಿದೆ. ಆದರೂ ವಲಯ 4 ತಡೆಯುವ ಮರವನ್ನೇ ಕೊಳ್ಳಿ. ನಕ್ಷೆ ಹೇಳುವುದು 1991–2020ರ ಸರಾಸರಿ, ಮರ ನಿಲ್ಲಬೇಕಾದದ್ದು ಐವತ್ತು ವರ್ಷದ ಕೆಟ್ಟ ರಾತ್ರಿಗೆ. ಜಾತಿಯಷ್ಟೇ ಮುಖ್ಯ ಬೀಜದ ಮೂಲ. ದಕ್ಷಿಣದ ಬೀಜದ ರೆಡ್ ಮೇಪಲ್ ಇಲ್ಲಿ ಹದಗೊಳ್ಳುವುದು ತಡ, ಮಿನೆಸೋಟ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ ನಾರ್ತ್‌ವುಡ್‌ನಂಥ ಉತ್ತರದ ತಳಿ ಇಲ್ಲಿಯದೇ ಲಯದಲ್ಲಿರುತ್ತದೆ. ಎಲ್ಮ್ ಬೇಕೆಂದರೆ ಡಚ್ ಎಲ್ಮ್ ರೋಗ ತಡೆಯುವ ಸೇಂಟ್ ಕ್ರೋಯ್, ಆಕೊಲೇಡ್ ತಳಿಗಳಿವೆ. ಎಲ್ಮ್‌ಗಳು ಸತ್ತ ಬೀದಿಗಳಿಗೆ ಸಾಲುಸಾಲಾಗಿ ಆಶ್ ನೆಟ್ಟು ಅವನ್ನೂ ಕಳೆದುಕೊಂಡ ಊರು ಇದು. ನಿಮ್ಮ ಬೀದಿಯಲ್ಲಿ ಮೇಪಲ್ ತುಂಬಿದ್ದರೆ ಇನ್ನೊಂದು ಮೇಪಲ್ ಬೇಡವೇ ಬೇಡ.

ಬೇಸಿಗೆಯ ಮಧ್ಯಾಹ್ನದ ಬಿಸಿಲು ತಡೆಯಲು ಮನೆಯ ಪಶ್ಚಿಮಕ್ಕೆ, 15–20 ಅಡಿ ದೂರದಲ್ಲಿ ನೆಡಿ. ದಕ್ಷಿಣಕ್ಕೆ ಬೇಡ, ಬೋಳು ಕೊಂಬೆಗಳೂ ಜನವರಿಯ ಬಿಸಿಲನ್ನು ಕದಿಯುತ್ತವೆ. ಅಗೆಯುವ ಕೆಲವು ದಿನ ಮೊದಲೇ 811ಕ್ಕೆ ಕರೆಮಾಡಿ ಗ್ಯಾಸ್, ವಿದ್ಯುತ್ ಕೊಳವೆಗಳ ಗುರುತು ಹಾಕಿಸಿ. ಫುಟ್‌ಪಾತಿಗೂ ರಸ್ತೆಗೂ ನಡುವಿನ ಪಟ್ಟಿ ನಿಮ್ಮದಲ್ಲ. ಮಿನಿಯಾಪೊಲಿಸ್‌ನಲ್ಲಿ ಅಲ್ಲಿನ ಮರಗಳು ಪಾರ್ಕ್ ಬೋರ್ಡಿನವು. ಕುಂಡದ ಗಿಡವಾದರೆ ಸುತ್ತಿಕೊಂಡ ಬೇರನ್ನು ನಾಲ್ಕೂ ಮಗ್ಗುಲಲ್ಲಿ ಒಂದು ಇಂಚು ಕೊಯ್ದು ತೆಗೆದೇ ನೆಡಬೇಕು. ಗೋಣಿ, ತಂತಿಬುಟ್ಟಿಯ ಮೇಲ್ಭಾಗ ಕತ್ತರಿಸಿ ಹಾಕಿ.

ನೀರಿನ ಲೆಕ್ಕ: ಬೊಡ್ಡೆಯ ಪ್ರತಿ ಇಂಚು ದಪ್ಪಕ್ಕೆ ಒಂದು ಸಲಕ್ಕೆ 1ರಿಂದ 1.5 ಗ್ಯಾಲನ್. ಮೊದಲ ಎರಡು ವಾರ ದಿನಾ, ಹನ್ನೆರಡನೇ ವಾರದವರೆಗೆ ಎರಡು ಮೂರು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ. 2 ಇಂಚಿನ ಬೊಡ್ಡೆಯ ಗಿಡ ಬೇರೂರಲು ಸುಮಾರು ಮೂರು ವರ್ಷ ಹಿಡಿಯುತ್ತದೆ, ಅಲ್ಲಿಯವರೆಗೆ ಪ್ರತಿ ಬೇಸಿಗೆಯೂ ಈ ಜವಾಬ್ದಾರಿ ಇದೆ. ಜೇಡಿಮಣ್ಣಾದರೆ ಬೆರಳು ಚುಚ್ಚಿ ನೋಡಿಯೇ ನೀರು ಬಿಡಿ, ಕೊಳೆಯುವ ಬೇರು ತೋರಿಸುವ ಬಾಡುವಿಕೆಯೂ ಬರಗಾಲದ್ದರಂತೆಯೇ ಇರುತ್ತದೆ. ಶರತ್ಕಾಲದಲ್ಲಿ ನೆಲ ಹೆಪ್ಪುಗಟ್ಟುವವರೆಗೂ ನೀರು ನಿಲ್ಲಿಸಬೇಡಿ.

ನವೆಂಬರಿನಲ್ಲಿ ಎಳೆಮರದ ಬೊಡ್ಡೆಗೆ ಬಿಳಿ ಕವಚವನ್ನು ಬುಡದಿಂದ ಮೊದಲ ಕೊಂಬೆಯವರೆಗೆ ಸುತ್ತಿ. ಕಾಲು ಇಂಚು ಕಣ್ಣಿನ ತಂತಿಜಾಲರಿಯನ್ನು ಬೊಡ್ಡೆಗೆ ತಾಗದಂತೆ ನಿಲ್ಲಿಸಿ, ಕೆಳಗೆ 2–3 ಇಂಚು ಮಣ್ಣಿಗಿಳಿಸಿ, ಮೇಲೆ ಹಿಮದ ಮಟ್ಟಕ್ಕಿಂತ 18–24 ಇಂಚು ಎತ್ತರವಿರಲಿ. ಕವಚವನ್ನು ಏಪ್ರಿಲ್‌ನಲ್ಲಿ ತಪ್ಪದೆ ಬಿಚ್ಚಿ, ಬೇಸಿಗೆಯಲ್ಲಿ ಅದರಡಿ ತೇವ ನಿಂತು ಕೀಟ ಸೇರುತ್ತವೆ. ಜಾಲರಿ ಇರಬಹುದು, ಬೊಡ್ಡೆ ದಪ್ಪವಾದಂತೆ ಪ್ರತಿ ವಸಂತ ಸಡಿಲಿಸುತ್ತ ಹೋಗಿ.